ಅರ್ತ್ ಬೋಲ್ಟಿನ ಮೇಲೆ ವಿಭೂತಿ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ಸಾರ್, ಏನಾದ್ರೂ ಆದ್ರೆ ಯಾವ ಕಡೆ ಓಡಬೇಕು?" ನನಗೆ ಮೈಯೆಲ್ಲ ಉರಿಯುತ್ತದೆ. ಓಡುವ ದಾರಿ ಗೊತ್ತುಮಾಡಿಕೊಂಡು ಕೆಲಸಕ್ಕೆ ಬರುವವನು ಮನೆಯಲ್ಲೇ ಕೂತಿರಬಾರದೇ ಅಂತ ಬೈದುಬಿಡುತ್ತೇನೆ. ಹುಡುಗರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಆಮೇಲೆ ನನ್ನ ಹೆಂಡತಿ ಅಡಿಗೆಮನೆಯಿಂದ ಶುರುಮಾಡುತ್ತಾಳೆ: "ಕೇಳೋಕೆ ಬಂದೋರಿಗೆ ಒಂದು ಲೋಟ ಕಾಫಿ ಕೊಟ್ಟು ನೆಟ್ಟಗೆ ಏಳಿ ಕಳ್ಸಿದ್ರೆ ನಿಮ್ ಗಂಟೇನು ಓಯ್ತದೆ?" ಅವಳ ಮಾತು ಸರಿ. ಅದಕ್ಕೇ ಬರೆಯಲು ಕೂತಿದ್ದೇನೆ.

ಶಂಕಗಿರಿಯ ಹತ್ತಿರದ ಒಂದು ಪೆಟ್ರೋಲ್, ಡೀಸೆಲ್ ಡಿಪೋದಲ್ಲಿ ನಾನು ಲೋಡಿಂಗ್ ಸೂಪರ್‌ವೈಸರ್ ಆಗಿದ್ದೆ. ಡಿಪೋದ ಹೆಸರು ಬೇಡ. ಮನೆ ಸೇಲಂನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡ ಅಕ್ಷರ ಕಲಿಸಿದವಳು ಅಮ್ಮ, ಫಿಸಿಕ್ಸ್ ಕಲಿಸಿದ್ದು ಸೇಲಂನ ಕಾಲೇಜು, ಆ ಫಿಸಿಕ್ಸಿಗೆ ಅರ್ಥ ಕಲಿಸಿದವರು ಚಿದಂಬರಂ ಸಾರ್. ಅವರು ನನ್ನ ಮೊದಲ ಮೇಲಧಿಕಾರಿ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಟ್ಯಾಂಕರ್ ಲಾರಿ ಬಂದು ಕಬ್ಬಿಣದ ಅಟ್ಟಣೆಯ ಪಕ್ಕ ನಿಲ್ಲುತ್ತದೆ. ಅಟ್ಟಣೆಯಿಂದ ಒಂದು ದಪ್ಪ ಕೊಳವೆಯನ್ನು ಟ್ಯಾಂಕಿನ ಮೇಲಿನ ಬಾಯಿಗೆ ಇಳಿಸಿ ಪಂಪ್ ಓಡಿಸುತ್ತೇವೆ. ಪೆಟ್ರೋಲು ಕೊಳವೆಯಲ್ಲಿ ಉಜ್ಜಿಕೊಂಡು ಬರುವಾಗ ತನ್ನ ಜೊತೆ ವಿದ್ಯುತ್ತಿನ ಆವೇಶವನ್ನೂ, ಅಂದರೆ ಚಾರ್ಜನ್ನೂ, ಹೊತ್ತು ತರುತ್ತದೆ. ನೈಲಾನ್ ಅಂಗಿ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದೇ. ಲಾರಿ ನಿಂತಿರುವುದು ರಬ್ಬರ್ ಚಕ್ರದ ಮೇಲೆ. ಬಂದ ಆವೇಶ ಬೇಗ ನೆಲಕ್ಕೆ ಇಳಿಯಲಾರದು, ಟ್ಯಾಂಕಿನ ಮೈಮೇಲೆ ಸೇರುತ್ತಾ ಹೋಗುತ್ತದೆ. ಅದಕ್ಕೇ ನೆಲದಲ್ಲಿ ಹೂತ ತಂತಿಯೊಂದನ್ನು ತಂದು, ಲಾರಿಯ ಚಾಸಿಯಲ್ಲಿರುವ ಒಂದು ಬೋಲ್ಟಿಗೆ ಕ್ಲಾಂಪ್ ಹಾಕಿ ಕಚ್ಚಿಸುತ್ತೇವೆ. ಅದು ಅರ್ತ್ ಬೋಲ್ಟ್. ಅರ್ತ್ ಸಿಗದಿದ್ದರೆ ಪಂಪೇ ಓಡದಂಥ ಏರ್ಪಾಡು ಈಗ ಬಂದಿದೆ. ನಮ್ಮ ಕಾಲದಲ್ಲಿ ಅದಿರಲಿಲ್ಲ. ಕ್ಲಾಂಪು ಮತ್ತು ಕಣ್ಣು, ಎರಡೇ.

ಸೇರಿದ ವಾರದಲ್ಲೇ ಚಿದಂಬರಂ ಸಾರ್ ನನ್ನನ್ನು ಅಟ್ಟಣೆಯ ಮೇಲೆ ಹತ್ತಿಸಿ ಶಂಕಗಿರಿ ದುರ್ಗದ ಬೆಟ್ಟ ತೋರಿಸಿದರು. "ಎಷ್ಟು ಎತ್ತರ?" ಅಂದರು ತಮಿಳಿನಲ್ಲಿ. ಬಾಯಿಗೆ ಬಂದದ್ದು ಹೇಳಿದೆ. "ಆ ಎತ್ತರ ಯಾವ ದಿಕ್ಕಿಗೆ? ಸೇಲಂ ಕಡೆಗೋ, ಈರೋಡ್ ಕಡೆಗೋ?" ನನಗೆ ನಗು ಬಂತು. ಎತ್ತರಕ್ಕೆ ಎಂಥ ದಿಕ್ಕು ಸಾರ್ ಅಂದೆ. "ಆ ಬೆಟ್ಟದ ಇಳಿಜಾರಿನಲ್ಲಿ ಒಂದು ಕಲ್ಲು ಬಿಡು. ಅದು ಉರುಳೋಕೆ ದಿಕ್ಕು ಇದೆಯೋ ಇಲ್ಲವೋ?" ಇದೆ ಅಂದೆ. "ಅಷ್ಟೇ ಕಣಪ್ಪಾ ನಿನ್ನ ಕೆಲಸ. ಪೊಟೆನ್ಷಿಯಲ್ ಅಂದ್ರೆ ಎತ್ತರ, ಫೀಲ್ಡ್ ಅಂದ್ರೆ ಇಳಿಜಾರು. ಮೊದಲನೇದು ಬರೀ ಒಂದು ಸಂಖ್ಯೆ. ಎರಡನೇದಕ್ಕೆ ಬಲವೂ ಉಂಟು, ದಿಕ್ಕೂ ಉಂಟು. ಇವೆರಡನ್ನ ಅದಲುಬದಲು ಮಾಡಿದವನನ್ನ ನಾನು ಈ ಅಟ್ಟಣೆ ಹತ್ತಿಸೋದಿಲ್ಲ."

ಕನ್ನಡದಲ್ಲಿ ಇವಕ್ಕೆ ಅದಿಶ, ಸದಿಶ ಎಂಬ ಚಂದದ ಹೆಸರುಗಳಿವೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ದಿಕ್ಕಿಲ್ಲದ್ದು ಅದಿಶ, ದಿಕ್ಕಿರುವುದು ಸದಿಶ. ಆವೇಶ ಅದಿಶ. ವಿಭವ, ಅಂದರೆ ಸಾರ್ ಹೇಳಿದ ಎತ್ತರ, ಅದೂ ಅದಿಶ. ತಳ್ಳುವ ಬಲ, ವಿದ್ಯುತ್ ಕ್ಷೇತ್ರ, ಇವು ಸದಿಶ. ಕೂಡುವ ಲೆಕ್ಕವೂ ಬೇರೆ ಬೇರೆ. ಅದಿಶಗಳನ್ನು ಸಂಖ್ಯೆಯಂತೆ ಕೂಡಿದರಾಯಿತು. ಸದಿಶಗಳನ್ನು ದಿಕ್ಕು ನೋಡಿ ಕೂಡಬೇಕು. ಇಬ್ಬರು ಲಾರಿಯನ್ನು ಹಿಂದಿನಿಂದೊಬ್ಬ, ಮುಂದಿನಿಂದೊಬ್ಬ ಸಮ ಬಲದಲ್ಲಿ ತಳ್ಳಿದರೆ ಲಾರಿ ಅಲುಗುವುದಿಲ್ಲ. ಹಾಗಂತ ಇಬ್ಬರೂ ಸುಮ್ಮನೆ ನಿಂತಿದ್ದಾರೆ ಅಂದುಕೊಂಡು ನಡುವೆ ಕಾಲಿಟ್ಟೀರಿ ಜೋಕೆ!

ಪುಸ್ತಕದಲ್ಲಿ ಇದಕ್ಕೆ ಎರಡು ಮಾರ್ಕು. ಡಿಪೋದಲ್ಲಿ ಮಾರ್ಕು ಹಾಕುವ ರೀತಿ ಬೇರೆ. ಒಮ್ಮೆ ನಮ್ಮವನೊಬ್ಬ ಡೀಸೆಲ್ ತುಂಬಿ ಮುಗಿದ ಕೂಡಲೇ ಮಾದರಿ ತೆಗೆಯಲು ತಗಡಿನ ಡಬ್ಬಿಗೆ ನೈಲಾನ್ ಹಗ್ಗ ಕಟ್ಟಿ ಟ್ಯಾಂಕಿನೊಳಗೆ ಬಿಟ್ಟ. ಡಬ್ಬಿ ಒಳಗಿನ ಆವೇಶವನ್ನೆಲ್ಲ ಹೀರಿಕೊಂಡು ಮೇಲೆ ಬಂತು, ಟ್ಯಾಂಕಿನ ಬಾಯಂಚಿನ ಹತ್ತಿರ ಬರುತ್ತಲೇ ಟಪ್ ಅಂತ ನೀಲಿ ಕಿಡಿ. ತಣ್ಣನೆಯ ಡೀಸೆಲ್, ಹಾಗಾಗಿ ಹೊತ್ತಲಿಲ್ಲ. ಪೆಟ್ರೋಲಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರೆ. ಅವನು ಸಂಜೆವರೆಗೂ ನಗುತ್ತಲೇ ಇದ್ದ, ಹೆದರಿಕೆಗೆ. ಚಿದಂಬರಂ ಸಾರ್ ಆ ಹಗ್ಗವನ್ನು ತುಂಡು ತುಂಡು ಮಾಡಿಸಿ, ಆವೇಶ ಕೂಡಿಡದ ಹತ್ತಿಯ ಹಗ್ಗ ತರಿಸಿದರು. ತುಂಬಿದ ಮೇಲೆ ಆವೇಶ ಇಳಿಯುವವರೆಗೆ ಏನನ್ನೂ ಮುಟ್ಟದೆ ಕಾಯಬೇಕೆಂಬ ನಿಯಮ ನಮ್ಮಲ್ಲಿ ಗಟ್ಟಿಯಾದದ್ದು ಅವತ್ತಿನಿಂದ.

ಇನ್ನೊಮ್ಮೆ ಲಾರಿ ಓನರ್ ಒಬ್ಬರ ಅಳಿಯ ಮಿರಿಮಿರಿ ಮಿಂಚುವ ಪಾಲಿಸ್ಟರ್ ಅಂಗಿಯಲ್ಲಿ ಅಟ್ಟಣೆ ಹತ್ತಲು ಬಂದ. ಕೆಳಗೇ ತಡೆದು ಅಂಗಿ ಬಿಚ್ಚಿ ಬಾ ಅಂದೆ. ಮದುವೆಯಲ್ಲಿ ಮಾವ ಕೊಟ್ಟ ಅಂಗಿಯಂತೆ! ದೂರು ಹೋಯಿತು, ವಿಚಾರಣೆ ಆಯಿತು. ನನ್ನ ಬಾಯಿ ಜೋರು ಎಂದು ಬರೆದುಕೊಂಡರು. ಬರೆದುಕೊಳ್ಳಲಿ. ಅಂಗಿಯನ್ನಂತೂ ನಾನು ಹತ್ತಿಸಲಿಲ್ಲ.

ಇನ್ನು ಮಾದೇಶನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದನ್ನು ಹೇಳುವುದಕ್ಕೇ.

ಮಾದೇಶ ಪಾಲಮಲೆಯವನು, ಕೊಳತ್ತೂರಿನ ಮೇಲಿನ ಬೆಟ್ಟದೂರು. ಅಪ್ಪನ ಕುರಿಮಂದೆ ಅಣ್ಣನಿಗೆ ಬಿಟ್ಟು, ಕೆಳಗಿಳಿದು ಲಾರಿ ಕಲಿತವನು. ಡಿಪೋಗೆ ಬರುವ ಡ್ರೈವರುಗಳಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಟ್ಯಾಂಕರು ಅವನದೇ, ಸ್ವಂತದ್ದು. ನಮ್ಮ ಶಂಕಗಿರಿ ಸೀಮೆಯಲ್ಲಿ ಲಾರಿ ಅಂದರೆ ಮನೆಯವರಿದ್ದ ಹಾಗೆ. ಆಯುಧಪೂಜೆ ಬಂತೆಂದರೆ ಹೊಸ ಬಣ್ಣ, ಬಾಳೆಕಂದು, ಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು. ಆ ವರ್ಷ ಮಾದೇಶ ಪೇಂಟರನ್ನು ನಂಬದೆ ತಾನೇ ಬ್ರಷ್ ಹಿಡಿದು ಲಾರಿಯ ಇಂಚಿಂಚಿಗೂ ಬಣ್ಣ ಬಳಿದಿದ್ದ.

ಹಬ್ಬದ ರಜೆ ಮುಗಿದ ಮೊದಲ ದಿನ, ಮಧ್ಯಾಹ್ನ. ಊರ ಪೆಟ್ರೋಲ್ ಬಂಕುಗಳೆಲ್ಲ ಬರಿದಾಗಿ ಗೇಟಿನಾಚೆ ಲಾರಿಗಳ ಸಾಲು ನಿಂತಿತ್ತು. ಪಾಳಿ ಬದಲಾಗುವ ಹೊತ್ತು. ಹಿಂದಿನ ಪಾಳಿಯವರು ಕ್ಲಾಂಪ್ ಹಾಕಿರುವುದನ್ನು ನೋಡಿ, ಪಂಪ್ ಓಡಿಸಿ, ನನಗೆ ವಹಿಸಿ ಹೋಗಿದ್ದರು. ನೋಡಿದವರ ಕಣ್ಣಿಗೆ ಕ್ಲಾಂಪ್ ಇತ್ತು, ಅದು ಸುಳ್ಳಲ್ಲ. ನಾನು ಅಭ್ಯಾಸದಂತೆ ಬಗ್ಗಿ ಅದರ ಹಲ್ಲು ಕಚ್ಚಿದ ಜಾಗ ನೋಡಿದೆ. ಅಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯಬೇಕು. ಅದರ ಬದಲು ದಪ್ಪನೆಯ ಕೆಂಪು ಎನಾಮೆಲ್, ಅದರ ಮೇಲೆ ನೀಟಾಗಿ ಎಳೆದ ಮೂರು ಬಿಳಿ ಪಟ್ಟೆ, ನಡುವೆ ಕುಂಕುಮದ ಬೊಟ್ಟು. ಮಲೆ ಮಾದಪ್ಪನ ವಿಭೂತಿ! ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕ್ಲಾಂಪಿನ ಹಲ್ಲು ಬಣ್ಣವನ್ನು ಹಿಡಿದಿತ್ತೇ ಹೊರತು ಲಾರಿಯನ್ನು ಹಿಡಿದಿರಲಿಲ್ಲ. ಟ್ಯಾಂಕು ಮುಕ್ಕಾಲು ಪಾಲು ತುಂಬಿತ್ತು, ಪೆಟ್ರೋಲು.

ಓಡಿಹೋಗಿ ಎಮರ್ಜೆನ್ಸಿ ಗುಂಡಿ ಒತ್ತಿದೆ. ಪಂಪ್ ನಿಂತಿತು. ತಲೆ ಎತ್ತಿ ನೋಡುತ್ತೇನೆ, ಮಾದೇಶ ಟ್ಯಾಂಕಿನ ಮೇಲಿದ್ದಾನೆ! ಅಟ್ಟಣೆಯಿಂದ ಟ್ಯಾಂಕಿಗೆ ದಾಟುವ ಸೇತುವೆ ಇಳಿಸುವಷ್ಟು ತಾಳ್ಮೆಯಿಲ್ಲದೆ ಲಾರಿಯ ಹಿಂದಿನ ಏಣಿಯಿಂದ ಮೊದಲೇ ಹತ್ತಿ ನಿಂತಿದ್ದವನು, ಪಂಪ್ ನಿಂತದ್ದೇಕೆಂದು ಕೇಳಲು ಅಟ್ಟಣೆಯ ಕಂಬಿಗೆ ಕೈ ಚಾಚುತ್ತಿದ್ದ. ಆ ಕಂಬಿ ನೆಲಕ್ಕೆ ಸೇರಿದ್ದು. ಅವನ ಕಾಲಬುಡದಲ್ಲೇ ಟ್ಯಾಂಕಿನ ಬಾಯಿ ತೆರೆದಿತ್ತು, ಬಿಸಿಲಿಗೆ ಪೆಟ್ರೋಲಿನ ಆವಿ ಕಣ್ಣಿಗೆ ಕಾಣುವ ಹಾಗೆ ನಡುಗುತ್ತಿತ್ತು.

"ಮಾದೇಸಾ! ಕೈ ತೆಗಿಯಲೇ! ಮುಟ್ಬೇಡ!"

ಗಂಟಲು ಹರಿಯುವ ಹಾಗೆ ಕೂಗಿದೆ. ಕೈ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಹಿಂದಕ್ಕೆ ತಗೊಂಡ.

"ಏನ್ ಸಾ? ಏನಾಯ್ತು?"

"ಅರ್ತ್ ಇಲ್ಲ ಕಣಲೇ. ಲಾರಿ ಪೂರ್ತಿ ಚಾರ್ಜ್ ಆಗೈತೆ. ಅಲ್ಲೇ ನಿಲ್ಲು."

ಅವನು ಎಡಗಡೆ ನೋಡಿದ, ಬಲಗಡೆ ನೋಡಿದ. "ಯಾವ್ ಕಡೆ ಐತೆ ಸಾ? ಈ ಕಡೆನಾ? ಅಂಗಾರೆ ನಾ ಇಂದ್ಗಡೆ ಏಣಿಯಿಂದ ಇಳ್ದು ಓಯ್ತೀನಿ."

ಹಾಗೆ ಇಳಿದರೆ ಕೈ ಏಣಿಯ ಮೇಲೆ, ಕಾಲು ನೆಲಕ್ಕೆ. ಆವಿ ಗಾಳಿಗಿಂತ ಭಾರ, ಅದು ಇಳಿದು ಚಕ್ರದ ಸುತ್ತ ಕೂತಿರುತ್ತದೆ. ಅವನ ಕಾಲು ನೆಲ ಮುಟ್ಟುವ ಹೊತ್ತಿಗೆ ಅಲ್ಲೊಂದು ಕಿಡಿ ಹಾರಿದರೆ ಮುಗಿಯಿತು.

"ಯಾವ್ ಕಡೇನೂ ಇಲ್ಲ ಕಣೋ! ಕಡೆ ಅಂಬೋದೇ ಇಲ್ಲ ಅದಕ್ಕೆ! ಅಲ್ಲೇ ಕುಕ್ಕರಗಾಲಲ್ಲಿ ಕೂತ್ಕೋ, ಟ್ಯಾಂಕ್ ಬಿಟ್ಟು ಬ್ಯಾರೆ ಏನೂ ಮುಟ್ಬೇಡ. ಬಾಯಿಂದ ಅತ್ಲಾಗೆ ಸರ್ಕೋ."

ಕೂತ. ಆದರೆ ನಂಬಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು. "ನಂಗೇನೂ ಆಯ್ತಾನೇ ಇಲ್ವಲ್ಲ ಸಾ. ಮೈ ಜುಮ್ ಅನ್ನಲ್ಲ, ಏನಿಲ್ಲ. ಸುಮ್ನೆ ಬಯ ಬೀಳ್ಸ್ತೀರಾ?"

ಇದೇ ನೋಡಿ ಆ ಅದಿಶದ ಮೋಸ. ಅವನೂ ಟ್ಯಾಂಕೂ ಒಂದೇ ಎತ್ತರದಲ್ಲಿದ್ದರು. ಒಂದೇ ಎತ್ತರದಲ್ಲಿ ಇರುವಷ್ಟು ಹೊತ್ತು ಮೈಗೆ ಏನೂ ತಿಳಿಯುವುದಿಲ್ಲ.

"ಲೇ ಮಾದೇಸ, ನಿಮ್ ಪಾಲಮಲೆ ಮೇಲೆ ಒಲದಾಗೆ ನಿಂತಾಗ ಎತ್ರದಾಗಿದೀನಿ ಅಂತ ಕಾಲಿಗೆ ಗೊತ್ತಾಯ್ತದೇನೋ?"

"ಇಲ್ಲ ಸಾ. ನೆಲ ನೆಲಾನೇ."

"ಯಾವಾಗ ಗೊತ್ತಾಯ್ತದೆ?"

"ಅಂಚಿಗೆ ಬಂದಾಗ," ಅಂದ. ಆಮೇಲೆ ಕಂಬಿಯನ್ನು ನೋಡಿದ, ಹಿಂದಿನ ಏಣಿಯನ್ನು ನೋಡಿದ, ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. ಈಗ ನಂಬಿದ.

ಅಷ್ಟರಲ್ಲಿ ಸಾಲಿನಲ್ಲಿದ್ದ ಡ್ರೈವರುಗಳು ಏನೋ ಆಗಿದೆಯೆಂದು ಅವನನ್ನು ಇಳಿಸಿಕೊಳ್ಳಲು ಓಡಿಬಂದರು. ನನಗೆ ತಿಳಿದ ಬೈಗುಳವನ್ನೆಲ್ಲ ತಮಿಳಿನಲ್ಲಿ ಉಪಯೋಗಿಸಿ ಅವರನ್ನು ಹಿಂದಕ್ಕೆ ಅಟ್ಟಿದೆ. ಡಿಪೋ ಮ್ಯಾನೇಜರ್ ಸುಮತಿ ಮೇಡಂ ಆಫೀಸಿನಿಂದ ಬಂದರು. ಅವರು ಡಿಪೋಗೆ ಬಂದು ವರ್ಷವೂ ತುಂಬಿರಲಿಲ್ಲ. ಬಂದಾಗಿನಿಂದ ಲೋಡು ಬೇಗ, ಲೋಡು ಬೇಗ ಅನ್ನುತ್ತಿದ್ದವರು. ಈಗ ಬಂದು ಪಂಪ್ ಓಡಿಸಿ ಅಂದರೆ ಏನು ಮಾಡಲಿ ಎಂದು ನಾನು ಮೊದಲೇ ಜಗಳಕ್ಕೆ ಸೊಂಟ ಕಟ್ಟಿದ್ದೆ. ಅವರು ಕೇಳಿದ್ದು ಒಂದೇ ಮಾತು, "ಎನ್ನಾಚ್ಚು ಅಣ್ಣಾ?" ಏನಾಯಿತು ಅಂತ. ಹೇಳಿದೆ. ತಿರುಗಿ ಹೋಗಿ ಕೈಯಲ್ಲಿ ಹಿಡಿಯುವ ಫೀಲ್ಡ್ ಮೀಟರ್ ತಂದರು. ವಿದ್ಯುತ್ ಕ್ಷೇತ್ರ ಎಷ್ಟಿದೆ ಎಂದು ದೂರದಿಂದಲೇ ತೋರಿಸುವ ಸಾಧನ, ಆವಿಯಿರುವ ಜಾಗಕ್ಕೆಂದೇ ಮಾಡಿದ್ದು.

ಮೇಡಂ ಅಟ್ಟಣೆಯ ಪಕ್ಕದಿಂದ ಅದನ್ನು ಹಿಡಿದರು. ಮುಳ್ಳು ಸೊನ್ನೆಯ ಹತ್ತಿರವೇ ಇತ್ತು.

"ಝೀರೋ ಕಾಟ್ಟುದು," ಅಂದರು. ಸೊನ್ನೆ ತೋರಿಸುತ್ತಿದೆ.

ನನಗೆ ಹೋದ ಜೀವ ಬಂದಂತಾಯಿತು. ಟಯರಿನ ಮೂಲಕ ಎಲ್ಲ ಇಳಿದುಹೋಗಿದೆ, ಇನ್ನೇನು, ಇಳಿದು ಬಾ ಅನ್ನೋಣ ಎಂದು ಬಾಯಿ ತೆರೆದೆ. ಮೇಲೆ ಮಾದೇಶನೂ ನಮ್ಮ ಮುಖ ನೋಡಿ ಎದ್ದು ನಿಂತ.

"ಇರಿ," ಅಂದರು ಮೇಡಂ. ಅವರು ಮುಳ್ಳನ್ನು ನೋಡುತ್ತಿರಲಿಲ್ಲ, ಮೀಟರಿನ ಮೂತಿಯನ್ನು ನೋಡುತ್ತಿದ್ದರು. ಅದು ಟ್ಯಾಂಕಿನ ಕಡೆಗಿರಲಿಲ್ಲ. ಕಬ್ಬಿಣದ ಕಂಬವೊಂದು ಅಡ್ಡವಿತ್ತು, ಮೂತಿ ಲಾರಿಯ ಉದ್ದಕ್ಕೆ ಹೊರಳಿತ್ತು. ಮೀಟರು ತನ್ನ ಮುಖಕ್ಕೆ ನೇರವಾಗಿ ಬರುವುದನ್ನಷ್ಟೇ ಅಳೆಯುತ್ತದೆ, ಪಕ್ಕದಿಂದ ಹಾದುಹೋಗುವುದು ಅದಕ್ಕೆ ಕಾಣುವುದಿಲ್ಲ. ಅವರು ಎರಡು ಹೆಜ್ಜೆ ಆಚೆ ಸರಿದು ಮೂತಿಯನ್ನು ಟ್ಯಾಂಕಿಗೆ ತಿರುಗಿಸಿದರು. ಮುಳ್ಳು ಎದ್ದು ಅಂಚಿಗೆ ಹೋಗಿ ಬಡಿಯಿತು.

ಎತ್ತರಕ್ಕೆ ದಿಕ್ಕಿಲ್ಲ, ಮೀಟರು ಅಳೆಯುವ ಇಳಿಜಾರಿಗೆ ದಿಕ್ಕಿದೆ. ಅಷ್ಟು ವರ್ಷ ಹುಡುಗರಿಗೆ ಪಾಠ ಹೇಳಿದ ನನಗೆ ಹೊಳೆಯಲಿಲ್ಲ, ಅವರಿಗೆ ಹೊಳೆಯಿತು. ಇಷ್ಟು ದಿನ ಅವರ ಮೇಲೆ ಕುದಿಯುತ್ತಿದ್ದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಕೂತ್ಕೋ ಮಾದೇಸ," ಅಂದೆ. ಅವನು ಕೂತ.

ಇನ್ನು ಮಾಡುವುದೇನೂ ಇಲ್ಲ, ಕಾಯುವುದು. ಹೊಸಬರಿಗೆ ನಾನು ಹೇಳುವ ಅತಿ ಕಷ್ಟದ ಕೆಲಸ ಇದೇ. ಓಡುವುದು ಸುಲಭ, ಕೂಗುವುದು ಇನ್ನೂ ಸುಲಭ. ಕೊಳವೆಯನ್ನು ಎತ್ತುವ ಹಾಗಿಲ್ಲ, ಕ್ಲಾಂಪನ್ನು ಮುಟ್ಟುವ ಹಾಗಿಲ್ಲ, ಯಾವುದನ್ನು ಅಲುಗಿಸಿದರೂ ಕಿಡಿ ಹಾರೀತು. ಮೇಡಂ ದೂರದ ನಲ್ಲಿಗೆ ಪೈಪ್ ಸಿಕ್ಕಿಸಿ, ಚಿಮ್ಮದ ಹಾಗೆ ನೆಲದ ಮೇಲೆ ನೀರು ಹರಿಯಬಿಟ್ಟರು. ಕಾಂಕ್ರೀಟು ಒದ್ದೆಯಾಗುತ್ತಾ ಹೋಗಿ ಟಯರಿನ ಬುಡಕ್ಕೆ ನೀರು ಮುಟ್ಟಿತು. ಒಣ ನೆಲಕ್ಕಿಂತ ಒದ್ದೆ ನೆಲದಲ್ಲಿ ಆವೇಶ ಬೇಗ ಇಳಿಯುತ್ತದೆ.

ಮಾದೇಶನ ತಲೆ ತೂಗಾಡುತ್ತಿತ್ತು. ಆವಿ ಕುಡಿದು ಕುಡಿದು ಮತ್ತು ಬಂದ ಹಾಗಾಗಿತ್ತು. ಜಾರಿ ಬಿದ್ದರೆ ಕಂಬಿಯ ಮೇಲೇ ಬೀಳುತ್ತಾನೆ. ಮಾತು ನಿಲ್ಲಿಸಬಾರದೆಂದು ಬಾಯಿಗೆ ಬಂದದ್ದು ಕೇಳುತ್ತಾ ಹೋದೆ. ಕುರಿ ಎಷ್ಟಿವೆ, ರಾಗಿ ಕೊಯ್ದರಾ, ಮಗಳು ಯಾವ ಕ್ಲಾಸು.

"ಪನ್ನೆರಡನೇ ಕ್ಲಾಸು ಸಾ. ಫಿಸಿಕ್ಸ್ ಓದ್ತಾಳೆ. ನಂಗೇನಾರ ಆದ್ರೆ..."

"ಬಾಯ್ಮುಚ್ಚು! ಏನೂ ಆಗಲ್ಲ. ಏನು ಪಾಠ ನಡೀತಾ ಐತಂತೆ?"

"ನಂಗೇನ್ ಗೊತ್ತು ಸಾ. ಅದೆಂತದೋ ಬಾಣ ಬಾಣ ಬರೀತಾ ಕೂತಿರ್ತಾಳೆ."

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಬಾಣ ಅಂದರೆ ಸದಿಶ. ಅಪ್ಪ ಕೂತಿರುವುದು ಬಾಣವೇ ಇಲ್ಲದ ಜಾಗದಲ್ಲಿ. ನಗು ಬಂದ ಹಿಂದೆಯೇ ಅಳುವೂ ಬಂತು, ಮುಖ ತಿರುಗಿಸಿಕೊಂಡೆ.

ಮುಳ್ಳು ಇಳಿಯುತ್ತಾ ಬಂತು. ಇಳಿದು ಸೊನ್ನೆಗೆ ನಿಂತ ಮೇಲೂ ಮೇಡಂ ಒಪ್ಪಲಿಲ್ಲ. ಟ್ಯಾಂಕಿನ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಎಲ್ಲ ಕಡೆ ಮೂತಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೂ ಇನ್ನಷ್ಟು ಕಾಯಿಸಿದರು. ಆಮೇಲೆ ನನ್ನ ಕಡೆ ನೋಡಿ ತಲೆ ಆಡಿಸಿದರು.

ಇನ್ನೊಂದು ಅರ್ತ್ ತಂತಿ ತಗೊಂಡು, ಟ್ಯಾಂಕಿನ ಬಾಯಿಯಿಂದ ಆದಷ್ಟು ದೂರಕ್ಕೆ, ಲಾರಿಯ ಮುಂಭಾಗಕ್ಕೆ ಹೋದೆ. ಅಲ್ಲಿ ಚಾಸಿಯಡಿ ಒಂದು ತುಕ್ಕು ಹಿಡಿದ ಬ್ರಾಕೆಟ್ಟು, ಮಾದೇಶನ ಬ್ರಷ್ಷು ಮುಟ್ಟದೆ ಉಳಿದ ಒಂದೇ ಜಾಗ. ಕ್ಲಾಂಪು ಹಿಡಿದ ಕೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಮಾದಪ್ಪಾ ಅಂದೆ. ಕಚ್ಚಿಸಿ, ತುಕ್ಕು ಹರಿಯುವ ಹಾಗೆ ಎಡಕ್ಕೂ ಬಲಕ್ಕೂ ತಿರುಚಿದೆ. ಕಬ್ಬಿಣ ಬೆಳ್ಳಗೆ ಕಂಡಿತು. ಸದ್ದಿಲ್ಲ, ಕಿಡಿಯಿಲ್ಲ.

ಮೇಲಿನಿಂದ ಸಣ್ಣ ದನಿ ಬಂತು. "ಸಾ, ಈಗ ಯಾವ್ ಕಡೆ ಇಳೀಲಿ?"

"ಎತ್ಲಾಗಾದ್ರೂ ಇಳಿಯಲೇ ನಮ್ಮಪ್ಪಾ! ಎತ್ಲಾಗಾದ್ರೂ ಇಳಿ!"

ಹಿಂದಿನ ಏಣಿಯಿಂದಲೇ ಇಳಿದ. ಕೊನೆಯ ಮೆಟ್ಟಿಲಲ್ಲಿ ಕಾಲನ್ನು ನೆಲಕ್ಕೆ ಇಡಲೋ ಬೇಡವೋ ಎಂದು ನಿಂತುಬಿಟ್ಟ. ಹೋಗಿ ತೋಳು ಹಿಡಿದೆ. ನೆಲ ಮುಟ್ಟಿದವನು ಅಲ್ಲೇ ಒದ್ದೆಯಲ್ಲಿ ಕೂತ. ಮೇಡಂ ತಮ್ಮ ನೀರಿನ ಬಾಟಲಿ ಕೊಟ್ಟರು, ಅರ್ಧ ಕುಡಿದ, ಅರ್ಧ ತಲೆಗೆ ಸುರಿದುಕೊಂಡ.

ಸುಧಾರಿಸಿಕೊಂಡು ಕ್ಲಾಂಪಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಏನೂ ಹೇಳುವ ಅಗತ್ಯ ಬೀಳಲಿಲ್ಲ. ತಾನೇ ಬರೆದ ಪಟ್ಟೆಗಳಲ್ಲವೇ. "ಅಯ್ಯೋ, ನಮ್ಮಪ್ಪ ಮಾದಪ್ಪನ್ ಗುರ್ತು ಇದ್ರೆ ಕಾಯ್ತದೆ ಅಂತ ಇಲ್ಲೇ ಬರ್ದೆ ಸಾ. ಕರೆಂಟ್ ಇಡ್ಯೋ ಜಾಗ ಅಂತ ಇಲ್ಲೇ ಬರ್ದೆ," ಅಂದ. ಲಾರಿಯನ್ನು ಅಟ್ಟಣೆಯ ಪಕ್ಕದಿಂದ ಎಳೆಸಿ ಹೊರಗೆ ನಿಲ್ಲಿಸಿದ ಮೇಲೆ ಕೈ ಚಾಚಿದ. ನನ್ನ ಕೆರೆಯುವ ಚಾಕು ಕೊಟ್ಟೆ.

ಕೆರೆಯುವ ಮೊದಲು ಎರಡು ಕೈಯಲ್ಲೂ ಬೋಲ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಒಂದೊಂದೇ ಪಟ್ಟೆಯನ್ನು ಕೆರೆದ. ಕೆಂಪು ಬಣ್ಣ ಸುರುಳಿ ಸುರುಳಿಯಾಗಿ ಕೆಳಗೆ ಬಿತ್ತು. ಕಬ್ಬಿಣ ಹೊಳೆಯುವವರೆಗೂ ಬಿಡಲಿಲ್ಲ.

"ಇನ್ಮ್ಯಾಕೆ ಇಲ್ಲಿಗೆ ಕುಂಕುಮಾನೂ ಇಡಬಾರ್ದಾ ಸಾ?" ಅಂದ, ತಲೆ ಎತ್ತದೆ.

ಬೈಯಬೇಕಿತ್ತು. ಆಗಲಿಲ್ಲ.

"ಪಕ್ಕದಾಗೆ ಇಡು ಮಾದೇಸ," ಅಂದೆ. "ಅವ್ನು ಅಲ್ಲಿಂದ್ಲೂ ನೋಡ್ಕೊಂತಾನೆ."